ತಿಥಿಯಿಲ್ಲದ ಶಾಸನಗಳು: ಗತಕಾಲದ ಉಷ್ಣತೆಯ ನಿರ್ಣಯದಲ್ಲಿ ಋತುಪಕ್ಷಪಾತ

ಕಾರ್ಕಳದ ಹೆಬ್ಬಂಡೆಯ ಮೇಲೆ ನಿಂತಿರುವ ಗೊಮ್ಮಟಮೂರ್ತಿಯನ್ನು ಶಾಲಾಪ್ರವಾಸದಲ್ಲಿ ನೋಡದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಸುಮಾರು 42 ಅಡಿ ಎತ್ತರದ ಆ ಏಕಶಿಲಾವಿಗ್ರಹವನ್ನು ಭೈರರಸ ವಂಶದ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಕಾಲದ ಬಗ್ಗೆ ಇತಿಹಾಸಕಾರರಿಗೆ ಸಂದೇಹವಿಲ್ಲ. ಶಕವರ್ಷ 1353ನೆಯ ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಮಾಸ, ಶುಕ್ಲಪಕ್ಷದ ದ್ವಾದಶಿ, ಬುಧವಾರ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ ಅದು 1432ನೆಯ ಇಸವಿ ಫೆಬ್ರವರಿ 13. ಆರು ಶತಮಾನಗಳ ಹಿಂದಿನ ಒಂದು ದಿನವನ್ನು ನಾವು ಇಂದು ವಾರಸಹಿತ ಗುರುತಿಸಬಲ್ಲೆವು. ಶಾಸನ ಬರೆಸಿದವರು ವರ್ಷದೊಡನೆ ಮಾಸ, ಪಕ್ಷ, ತಿಥಿ, ವಾರಗಳನ್ನೂ ಕೆತ್ತಿಸಿದುದರಿಂದ ಇದು ಸಾಧ್ಯವಾಯಿತು.

ಪ್ರಕೃತಿಯೂ ಶಾಸನಗಳನ್ನು ಬರೆಯುತ್ತದೆ. ಮರದ ಕಾಂಡದ ಉಂಗುರಗಳಲ್ಲಿ, ಗುಹೆಯ ಸುಣ್ಣದ ಕಂಬಗಳಲ್ಲಿ, ಕೆರೆಯ ಹೂಳಿನಲ್ಲಿ, ಸಮುದ್ರತಳದ ಕೆಸರಿನಲ್ಲಿ, ಧ್ರುವಪ್ರದೇಶದ ಹಿಮಪದರಗಳಲ್ಲಿ ಗತಕಾಲದ ಬಿಸಿಲು, ಮಳೆ, ಚಳಿಗಳ ಕುರುಹುಗಳು ಉಳಿದಿವೆ. ಆದರೆ ಈ ಶಾಸನಗಳಿಗೂ ಕಾರ್ಕಳದ ಶಾಸನಕ್ಕೂ ಒಂದು ಮುಖ್ಯ ಭೇದವಿದೆ. ಪ್ರಕೃತಿಯ ಶಾಸನವು ವರ್ಷವನ್ನೋ ಶತಮಾನವನ್ನೋ ಹೇಳೀತು. ಮಾಸವನ್ನು ಬಹುಮಟ್ಟಿಗೆ ಹೇಳುವುದಿಲ್ಲ. ಈ ಕೊರತೆಯಿಂದ ವಿಜ್ಞಾನಕ್ಕೆ ಎಂತಹ ತೊಡಕು ಒದಗಿದೆ, ಅದನ್ನು ಬಿಡಿಸಲು ಎಂತಹ ಪ್ರಯತ್ನಗಳು ನಡೆದಿವೆ, ಇದರಿಂದ ನಮ್ಮ ಶಾಲೆ ಕಲಿಯಬೇಕಾದ ಪಾಠವೇನು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪರೋಕ್ಷ ಸಾಕ್ಷಿಗಳು

ಉಷ್ಣತೆಯನ್ನು ಉಪಕರಣದಿಂದ ಅಳೆಯುವ ಪದ್ಧತಿ ಇತ್ತೀಚಿನದು. ಫ್ಯಾರನ್‌ಹೀಟನು ಪಾದರಸದ ಉಷ್ಣಮಾಪಕವನ್ನು ರೂಪಿಸಿದುದು 1714ರಲ್ಲಿ. ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದುದು 1875ರಲ್ಲಿ. ಅದಕ್ಕೂ ಹಿಂದಿನ ಸಾವಿರಾರು ವರ್ಷಗಳ ಉಷ್ಣತೆಯನ್ನು ತಿಳಿಯಬೇಕಾದರೆ ಉಷ್ಣಮಾಪಕದ ಸ್ಥಾನದಲ್ಲಿ ನಿಂತು ಸಾಕ್ಷಿ ನುಡಿಯಬಲ್ಲ ವಸ್ತುಗಳನ್ನು ಹುಡುಕಬೇಕು. ಇವುಗಳನ್ನು ಪರೋಕ್ಷ ಸಾಕ್ಷಿಗಳೆಂದು ಕರೆಯೋಣ.

ಒಂದೆರಡು ನಿದರ್ಶನಗಳನ್ನು ನೋಡೋಣ. ಸಮುದ್ರದಲ್ಲಿ ಫೊರಾಮಿನಿಫೆರ ಎಂಬ ಏಕಕೋಶ ಜೀವಿಗಳಿವೆ. ಮರಳಿನ ಕಣದಷ್ಟೇ ದೊಡ್ಡದಾದ ಇವು ನೀರಿನ ಸುಣ್ಣದಂಶದಿಂದ ತಮ್ಮ ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ನೀರು ಬೆಚ್ಚಗಿದ್ದಷ್ಟೂ ಕ್ಯಾಲ್ಸಿಯಮ್ಮಿನ ಜೊತೆಗೆ ಮೆಗ್ನೀಸಿಯಮ್ ಹೆಚ್ಚು ಸೇರುತ್ತದೆ. ಉಷ್ಣತೆ 1 ಡಿಗ್ರಿ ಏರಿದರೆ ಇದರ ಪ್ರಮಾಣ ಸುಮಾರು ಶೇಕಡ 9ರಷ್ಟು ಏರುತ್ತದೆ. ಜೀವಿ ಸತ್ತ ಮೇಲೆ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಹುದುಗುತ್ತದೆ. ಸಾವಿರಾರು ವರ್ಷಗಳ ಬಳಿಕ ಅದನ್ನು ಹೊರತೆಗೆದು ಪರೀಕ್ಷಿಸಿದರೆ ಆ ಕಾಲದ ನೀರಿನ ಉಷ್ಣತೆ ತಿಳಿಯುತ್ತದೆ. ಇದೇ ರೀತಿ ಕೆಲವು ಸೂಕ್ಷ್ಮ ಪಾಚಿಗಳು ಉತ್ಪಾದಿಸುವ ಆಲ್ಕಿನೋನ್ ಎಂಬ ಕೊಬ್ಬಿನಂತಹ ವಸ್ತುಗಳ ರಚನೆಯೂ ನೀರಿನ ಉಷ್ಣತೆಗನುಗುಣವಾಗಿ ಬದಲಾಗುತ್ತದೆ.

ಮನುಷ್ಯನ ಬರಹಗಳೂ ಪರೋಕ್ಷ ಸಾಕ್ಷಿಗಳಾಗಬಲ್ಲವು. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಮರಗಳು ಅರಳಿದ ದಿನವನ್ನು ಕುರಿತ ಉಲ್ಲೇಖಗಳು ಒಂಬತ್ತನೆಯ ಶತಮಾನದಿಂದಲೂ ದೊರೆಯುತ್ತವೆ. ಹೂ ಬೇಗ ಅರಳಿತೆಂದರೆ ಹವೆ ಬೆಚ್ಚಗಿತ್ತೆಂದು ಊಹಿಸಬಹುದು. ಆದರೆ ಯಾವ ಹವೆ? ಮುಖ್ಯವಾಗಿ ಮಾರ್ಚ್ ತಿಂಗಳಿನದು. ಆ ವರ್ಷದ ಆಗಸ್ಟ್ ತಿಂಗಳು ಹೇಗಿತ್ತೆಂಬುದು ಚೆರ್ರಿ ಹೂವಿಗೆ ತಿಳಿಯದು. ಇಲ್ಲಿಂದಲೇ ನಮ್ಮ ವಿಷಯ ಆರಂಭವಾಗುತ್ತದೆ.

ಋತುಪಕ್ಷಪಾತ ಎಂದರೇನು?

ಯಾವ ಸಾಕ್ಷಿಯೂ ವರ್ಷವಿಡೀ ಎಚ್ಚರವಾಗಿರುವುದಿಲ್ಲ. ಮರ ಬೆಳೆಯುವ ಕಾಲವೊಂದು, ಸುಮ್ಮನಿರುವ ಕಾಲವೊಂದು. ಸಮುದ್ರದ ಜೀವಿ ಹೆಚ್ಚುವ ಕಾಲವೊಂದು, ಕ್ಷೀಣಿಸುವ ಕಾಲವೊಂದು. ತಾನು ಎಚ್ಚರವಾಗಿದ್ದ ಋತುವಿನ ಹವೆಯನ್ನು ಮಾತ್ರ ಅದು ದಾಖಲಿಸುತ್ತದೆ. ಆ ದಾಖಲೆಯನ್ನು ನಾವು ಇಡೀ ವರ್ಷದ ಸರಾಸರಿಯೆಂದು ಓದಿದರೆ ಉಂಟಾಗುವ ದೋಷವನ್ನು ಋತುಪಕ್ಷಪಾತ ಎನ್ನಬಹುದು. ಇಲ್ಲಿ ಸಾಕ್ಷಿಯ ಸುಳ್ಳೇನೂ ಇಲ್ಲ. ಒಂದು ಋತುವಿನ ಮಾತನ್ನು ವರ್ಷದ ಮಾತೆಂದು ತಿಳಿದ ನಮ್ಮ ಅವಸರವೇ ದೋಷಕ್ಕೆ ಕಾರಣ.

ಈ ತತ್ತ್ವವನ್ನು ನನಗೆ ಮನದಟ್ಟು ಮಾಡಿಕೊಟ್ಟದ್ದು ಗ್ರಂಥವಲ್ಲ, ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿ. ವಿಜ್ಞಾನ ಸಂಘದ ಮಕ್ಕಳು ಪಡಸಾಲೆಯ ಉಷ್ಣಮಾಪಕವನ್ನು ದಿನವೂ ನೋಡಿ ದಫ್ತರದಲ್ಲಿ ಬರೆದಿಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೆವು. ವರ್ಷದ ಕೊನೆಗೆ ನಾನು ಎಲ್ಲ ಅಂಕಿಗಳನ್ನು ಕೂಡಿಸಿ ಭಾಗಿಸಿ, "ಇದು ನಮ್ಮ ಊರಿನ ವಾರ್ಷಿಕ ಸರಾಸರಿ" ಎಂದು ಕರಿಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಏಪ್ರಿಲ್ ಮೇ ಎಲ್ಲಿ?" ಎಂದು ಕೇಳಿದ. ಬೇಸಿಗೆಯ ರಜೆಯಲ್ಲಿ ಶಾಲೆ ಮುಚ್ಚಿತ್ತು. ವರ್ಷದಲ್ಲೇ ಅತ್ಯಂತ ಸೆಕೆಯ ಎರಡು ತಿಂಗಳುಗಳು ದಫ್ತರದಲ್ಲಿ ಇರಲೇ ಇಲ್ಲ! ವರ್ಷವರ್ಷವೂ ಹೀಗೆಯೇ ನಡೆದುಬಂದಿತ್ತು, ನನ್ನ ಗಮನಕ್ಕೆ ಮಾತ್ರ ಬಂದಿರಲಿಲ್ಲ. ಬರೆದ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ, ಆದರೂ ಸರಾಸರಿ ತಪ್ಪಾಗಿತ್ತು.

ಆ ದಿನ ತರಗತಿಯಲ್ಲಿ ಮಾಡಿದ ಲೆಕ್ಕವನ್ನು ಉಪಾಧ್ಯಾಯ ಮಿತ್ರರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇನೆ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡ ಪೂರ್ಣಾಂಕಗಳು, ನಮ್ಮ ಕರಾವಳಿಯ ವಾಡಿಕೆಯ ಹವೆಯನ್ನು ಹೋಲುವಂತಹವು. ಜನವರಿಯಿಂದ ಡಿಸೆಂಬರಿನವರೆಗೆ ತಿಂಗಳ ಸರಾಸರಿ ಉಷ್ಣತೆ ಅನುಕ್ರಮವಾಗಿ 26, 27, 28, 29, 29, 27, 26, 26, 26, 27, 27, 26 ಡಿಗ್ರಿ ಸೆಲ್ಸಿಯಸ್ ಇದೆಯೆಂದು ಭಾವಿಸೋಣ. ಒಟ್ಟು ಮೊತ್ತ 324, ಹನ್ನೆರಡರಿಂದ ಭಾಗಿಸಿದರೆ ಸರಾಸರಿ 27. ಏಪ್ರಿಲ್, ಮೇ ತಿಂಗಳುಗಳನ್ನು ಬಿಟ್ಟರೆ ಉಳಿದ ಹತ್ತು ತಿಂಗಳ ಸರಾಸರಿ 26.6. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲವನ್ನಷ್ಟೇ ತೆಗೆದುಕೊಂಡರೆ 26.25. ಏಪ್ರಿಲ್, ಮೇ ಮಾತ್ರವಾದರೆ 29. ಊರೊಂದೇ, ವರ್ಷವೊಂದೇ, ಕೇಳಿದ ಸಾಕ್ಷಿಗನುಸಾರ ಉತ್ತರ ನಾಲ್ಕು.

ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ಕಾಲಾಂತರದಲ್ಲಿ ಏಪ್ರಿಲ್, ಮೇ ತಿಂಗಳುಗಳು ತಲಾ 2 ಡಿಗ್ರಿ ತಣ್ಣಗಾಗಿ, ಡಿಸೆಂಬರ್, ಜನವರಿ, ಫೆಬ್ರವರಿ ತಿಂಗಳುಗಳು ತಲಾ 2 ಡಿಗ್ರಿ ಬೆಚ್ಚಗಾದವೆಂದು ಇಟ್ಟುಕೊಳ್ಳಿ. ಮೊತ್ತದಲ್ಲಿ 4 ಕಳೆದು 6 ಕೂಡಿದಂತಾಯಿತು. ಹೊಸ ಮೊತ್ತ 326, ಸರಾಸರಿ ಸುಮಾರು 27.17. ಅಂದರೆ ವರ್ಷವು ಒಟ್ಟಿನಲ್ಲಿ ತುಸು ಬೆಚ್ಚಗಾಗಿದೆ. ಆದರೆ ಬೇಸಿಗೆಯಲ್ಲಿ ಮಾತ್ರ ಎಚ್ಚರವಾಗಿರುವ ಸಾಕ್ಷಿಯನ್ನು ಕೇಳಿದರೆ "ಹವೆ 2 ಡಿಗ್ರಿ ತಣ್ಣಗಾಗಿದೆ" ಎಂದೇ ಹೇಳುತ್ತದೆ. ಇಲ್ಲಿ ದೋಷವು ಪ್ರಮಾಣದಲ್ಲಷ್ಟೇ ಅಲ್ಲ, ದಿಕ್ಕಿನಲ್ಲಿಯೇ ಆಗಿದೆ. ಏರಿಕೆ ಇಳಿಕೆಯಾಗಿ ಕಾಣುತ್ತದೆ. ಈ ಪುಟ್ಟ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಜಗತ್ತಿನ ದೊಡ್ಡ ವಿವಾದವೊಂದರ ತಿರುಳು ಇದರಲ್ಲಿಯೇ ಅಡಗಿದೆ.

ನಮ್ಮ ಕರಾವಳಿಯ ವೈಶಿಷ್ಟ್ಯ

ಯೂರೋಪಿನ ಪುಸ್ತಕಗಳಲ್ಲಿ ಜೂನ್, ಜುಲೈ, ಆಗಸ್ಟ್ ತಿಂಗಳುಗಳು ಬೇಸಿಗೆ. ಉಡುಪಿಯಲ್ಲಿ ಅವು ಮಳೆಗಾಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಶೇಕಡ 80ಕ್ಕಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಪಗ್ಗು, ಬೇಶ ತಿಂಗಳುಗಳ ಸೆಕೆಯಲ್ಲಿ ಬಸವಳಿದ ಜನ ಆಟಿಯ ತಿಂಗಳಲ್ಲಿ ಕಂಬಳಿ ಹುಡುಕುತ್ತಾರೆ. ನೆತ್ತಿಯ ಮೇಲೆ ಸೂರ್ಯನಿದ್ದರೂ ಮೋಡ ಮುಸುಕಿದ ಕಾರಣ ನಮ್ಮ ಜುಲೈ ತಿಂಗಳು ಹೆಚ್ಚುಕಡಿಮೆ ಜನವರಿಯಷ್ಟೇ ತಂಪು. ಆದ್ದರಿಂದ ಅನ್ಯದೇಶದ ಗ್ರಂಥದಲ್ಲಿ ಕಂಡ ಬೇಸಿಗೆಯ ಮಾತನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ಪಾಠ ಹೇಳಿದರೆ ವಿದ್ಯಾರ್ಥಿಗೆ ತಪ್ಪು ಚಿತ್ರ ಮೂಡುತ್ತದೆ.

ಕೃಷಿಕರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನಮ್ಮ ಕಡೆ ಭತ್ತಕ್ಕೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು. ಏಣೆಲಿನ ಪೈರನ್ನು ಮಾತ್ರ ನೋಡಿ ಆ ವರ್ಷದ ಹವೆಯನ್ನು ಹೇಳಹೊರಟವನಿಗೆ ಗೊತ್ತಿರುವುದು ಮಳೆಗಾಲ ಒಂದೇ. ಕೊಳಕೆಯ ಪೈರಿಗೆ ಗೊತ್ತಿರುವುದು ಬಿಸಿಲು ಒಂದೇ. ಮೂರೂ ಬೆಳೆಗಳ ಲೆಕ್ಕ ಸೇರಿದರೆ ಮಾತ್ರ ವರ್ಷದ ಚಿತ್ರ ಪೂರ್ಣವಾದೀತು.

ಅರಬ್ಬೀ ಸಮುದ್ರದ ಸಾಕ್ಷ್ಯ

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಏಪ್ರಿಲ್ ತಿಂಗಳಲ್ಲಿ ಅದರ ಬುಡದಲ್ಲಿ ನಿಂತರೆ ತಿಳಿಯಾದ, ಶಾಂತವಾದ ಕಡಲು ಕಾಣುತ್ತದೆ. ಆಗ ಮೇಲ್ಮೈ ನೀರಿನ ಉಷ್ಣತೆ 30 ಡಿಗ್ರಿಯ ಸಮೀಪದಲ್ಲಿರುತ್ತದೆ. ಜುಲೈ ತಿಂಗಳಲ್ಲಿ ಅದೇ ಕಡಲು ಕದಡಿ ಬೊಬ್ಬಿರಿಯುತ್ತದೆ. ಮೋಡ, ಗಾಳಿ, ಮಳೆಗಳ ಜೊತೆಗೆ ಆಳದ ತಣ್ಣೀರು ಮೇಲಕ್ಕೇರಿ ಬರುವುದರಿಂದ ನೀರು ತಂಪಾಗುತ್ತದೆ. ಹೀಗೆ ಏರಿಬರುವ ನೀರು ಪೋಷಕಾಂಶಗಳನ್ನು ತರುತ್ತದೆ, ಸೂಕ್ಷ್ಮಜೀವಿಗಳು ಹೇರಳವಾಗುತ್ತವೆ, ಅವನ್ನು ನಂಬಿ ಬೂತಾಯಿ, ಬಂಗುಡೆಗಳು ಬರುತ್ತವೆ. ಮಳೆಗಾಲದ ನಾಡದೋಣಿಯ ಮೀನುಗಾರರಿಗೆ ಇದು ಅನುಭವದ ಮಾತು.

ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ. 1986ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯವೂ ಜೊತೆಗೂಡಿ ಅರಬ್ಬೀ ಸಮುದ್ರದ ಪಶ್ಚಿಮ, ಮಧ್ಯ ಮತ್ತು ಪೂರ್ವ ಭಾಗಗಳಲ್ಲಿ ಆಳಕ್ಕೆ ಆಲಿಕೆಯಾಕಾರದ ಸಂಗ್ರಾಹಕಗಳನ್ನು ಇಳಿಬಿಟ್ಟವು. ಮೇಲಿನಿಂದ ಉದುರುವ ಕಣಗಳು ಆಲಿಕೆಯ ಕೆಳಗಿನ ಬಟ್ಟಲುಗಳಲ್ಲಿ ಶೇಖರವಾಗುತ್ತವೆ. ನಿಯತ ಕಾಲಕ್ಕೊಮ್ಮೆ ಬಟ್ಟಲು ತಾನಾಗಿ ಬದಲಾಗುವುದರಿಂದ ಯಾವ ತಿಂಗಳಲ್ಲಿ ಎಷ್ಟು ಉದುರಿತೆಂಬುದು ತಿಳಿಯುತ್ತದೆ. 1989ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ತಿಳಿದುಬಂದ ಸಂಗತಿಯೆಂದರೆ, ತಳಕ್ಕಿಳಿಯುವ ಕಣಗಳ ಬಹುಪಾಲು ನೈಋತ್ಯ ಮತ್ತು ಈಶಾನ್ಯ ಮಾನ್ಸೂನುಗಳ ಕಾಲದ್ದು. ನಡುವಣ ತಿಂಗಳುಗಳಲ್ಲಿ ಇಳಿಯುವುದು ಅತ್ಯಲ್ಪ.

ಇದರ ಅರ್ಥವನ್ನು ಗಮನಿಸಬೇಕು. ಅರಬ್ಬೀ ಸಮುದ್ರದ ತಳದ ಕೆಸರು ವರ್ಷದ ಹನ್ನೆರಡು ತಿಂಗಳುಗಳಿಗೂ ಸಮಪಾಲು ಕೊಟ್ಟಿಲ್ಲ. ಅದರಲ್ಲೂ ಗ್ಲೋಬಿಜೆರಿನ ಬುಲ್ಲಾಯ್ಡಿಸ್ ಎಂಬ ಫೊರಾಮಿನಿಫೆರವು ತಣ್ಣೀರು ಏರುವ ಮಾನ್ಸೂನಿನಲ್ಲಿಯೇ ಸಮೃದ್ಧವಾಗುತ್ತದೆ. ಅದರ ಚಿಪ್ಪಿನಿಂದ ತಿಳಿಯುವ ಉಷ್ಣತೆ ಮುಖ್ಯವಾಗಿ ಮಳೆಗಾಲದ ನೀರಿನದು. ಬೆಚ್ಚಗಿನ ನೀರನ್ನು ಬಯಸುವ ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬುದು ಬೇರೆಯೇ ಕತೆ ಹೇಳುತ್ತದೆ. ಈ ಜೀವಿಗಳ ಆಯುಸ್ಸು ಕೆಲವೇ ವಾರಗಳು. ಒಂದು ಚಿಪ್ಪೆಂದರೆ ಆ ಕೆಲವು ವಾರಗಳ ದಿನಚರಿ, ಅಷ್ಟೆ. ಸಾಗರ ಕನ್ಯಾ ಮೊದಲಾದ ನೌಕೆಗಳಲ್ಲಿ ಹೋಗಿ ನಮ್ಮ ವಿಜ್ಞಾನಿಗಳು ತಂದ ಕೆಸರಿನ ಕಂಬಗಳನ್ನು ಓದುವಾಗ, ಇದು ಯಾವ ಜೀವಿಯ ಚಿಪ್ಪು, ಅದರ ಋತು ಯಾವುದು ಎಂಬ ಪ್ರಶ್ನೆ ಆದ್ದರಿಂದಲೇ ಮೊದಲು ಏಳುತ್ತದೆ.

ಗುಹೆ, ಕೆರೆ, ಮರಗಳ ಸಾಕ್ಷ್ಯ

ಘಟ್ಟದ ಕಡೆಗೆ ಬಂದರೂ ಇದೇ ಪಾಠ. ಉತ್ತರ ಕನ್ನಡ ಜಿಲ್ಲೆಯ ಅಕಳಗವಿ ಎಂಬ ಗುಹೆಯಲ್ಲಿ ಬೆಳೆದ ಸುಣ್ಣದ ಕಂಬವೊಂದನ್ನು ಅಹಮದಾಬಾದಿನ ಭೌತ ಸಂಶೋಧನಾಲಯದ ವಿಜ್ಞಾನಿಗಳು ಸಂಗಡಿಗರೊಡನೆ ಪರೀಕ್ಷಿಸಿ, 331 ವರ್ಷಗಳ ಮಳೆಯ ಏರಿಳಿತವನ್ನು 2004ರಲ್ಲಿ ಪ್ರಕಟಿಸಿದರು. ಸುರಿಯುವ ಮಳೆ ಜೋರಾದಷ್ಟೂ ನೀರಿನಲ್ಲಿ ಭಾರದ ಆಮ್ಲಜನಕದ ಅಂಶ ಕಡಿಮೆಯಾಗುತ್ತದೆಂಬ ತತ್ತ್ವವೇ ಇದಕ್ಕೆ ಆಧಾರ. ಗುಹೆಯೊಳಗೆ ತೊಟ್ಟಿಕ್ಕುವ ನೀರು ಬಹುತೇಕ ನೈಋತ್ಯ ಮಾನ್ಸೂನಿನದೇ ಆದುದರಿಂದ ಆ ಕಂಬವು ಮಳೆಗಾಲದ ಲೇಖಕ. ಮಳೆಯ ಇತಿಹಾಸಕ್ಕೆ ಅದು ಯೋಗ್ಯ ಸಾಕ್ಷಿ. ಚಳಿಗಾಲದ ಉಷ್ಣತೆಯನ್ನು ಅದರಿಂದ ಕೇಳುವುದು ಸಲ್ಲದು.

ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳನ್ನು ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನಿಗಳು ಅಧ್ಯಯನ ಮಾಡಿ, ಸುಮಾರು 3,700 ವರ್ಷಗಳ ಮಳೆಯ ಚರಿತ್ರೆಯನ್ನು 2006ರಲ್ಲಿ ಪ್ರಕಟಿಸಿದರು. ಮಳೆ ಬಿರುಸಾದಾಗ ಸುತ್ತಲಿನ ಮಣ್ಣಿನಿಂದ ಕಾಂತಗುಣದ ಕಬ್ಬಿಣದ ಕಣಗಳು ಹೆಚ್ಚಾಗಿ ಕೊಚ್ಚಿಬಂದು ಕೆರೆ ಸೇರುತ್ತವೆ. ಹೂಳಿನ ಕಾಂತಗುಣವನ್ನು ಅಳೆದರೆ ಮಳೆಯ ಅಂದಾಜು ಸಿಗುತ್ತದೆ. ಆದರೆ ಆ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಪ್ರಧಾನ. ಉಡುಪಿಯ ಜುಲೈ ಮಳೆಯನ್ನೂ ದುರ್ಗದ ಅಕ್ಟೋಬರ್ ಮಳೆಯನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವವನು ಈ ಭೇದವನ್ನು ಮರೆಯಬಾರದು. ಮಣಿಪಾಲದ ಉನ್ನತ ಶಿಕ್ಷಣ ಸಂಸ್ಥೆಯಲ್ಲಿಯೂ ಅಂಟಾರ್ಕ್ಟಿಕದ ಸರೋವರಗಳ ಕೆಸರನ್ನು ಕುರಿತು ಇಂತಹ ಅಧ್ಯಯನ ನಡೆದಿದೆಯೆಂಬುದು ನಮ್ಮ ಜಿಲ್ಲೆಗೆ ಅಭಿಮಾನದ ಸಂಗತಿ. ಅಲ್ಲಿಯ ಸರೋವರಗಳು ಬೇಸಿಗೆಯ ಕೆಲವು ವಾರಗಳಲ್ಲಿ ಮಾತ್ರ ಕರಗಿ ನೀರಾಗುವುದರಿಂದ ಋತುವಿನ ಪ್ರಶ್ನೆ ಅಲ್ಲಿ ಇನ್ನೂ ತೀವ್ರವಾದುದು.

ಮರಗಳಲ್ಲಿ, ಎಲೆ ಉದುರಿಸಿ ವಿಶ್ರಮಿಸುವ ತೇಗವು ಉಂಗುರಗಳನ್ನು ಸ್ಪಷ್ಟವಾಗಿ ಬರೆಯುತ್ತದೆ. ಕೇರಳದ ತೇಗದ ಮರಗಳಿಂದ ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು 523 ವರ್ಷಗಳ ದಾಖಲೆ ಕಟ್ಟಿ 2010ರಲ್ಲಿ ಪ್ರಕಟಿಸಿದರು. ಅದು ಮಾನ್ಸೂನಿನ ಬರಗಾಲಗಳನ್ನು ಹೇಳುತ್ತದೆ. ಅದೇ ಸಂಸ್ಥೆಯವರು ಪಶ್ಚಿಮ ಹಿಮಾಲಯದ ದೇವದಾರುವನ್ನು ಓದಿದಾಗ ಸಿಕ್ಕಿದ್ದು ಮಳೆಗೆ ಮುಂಚಿನ ಮಾರ್ಚ್‌ನಿಂದ ಮೇವರೆಗಿನ ಹವೆ. ಆ ತಿಂಗಳುಗಳು ಬಿಸಿಯಾದರೆ ನೆಲದ ತೇವ ಆರಿ ಉಂಗುರ ಕಿರಿದಾಗುತ್ತದೆ. ಒಂದೇ ಸಂಸ್ಥೆ ಓದಿದ ಎರಡು ಜಾತಿಯ ಮರಗಳು ಎರಡು ಋತುಗಳ ಮಾತನಾಡಿದವು.

ಹತ್ತು ಸಾವಿರ ವರ್ಷಗಳ ವಿವಾದ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಳೆದ ಹತ್ತು ಹನ್ನೆರಡು ಸಾವಿರ ವರ್ಷಗಳಲ್ಲಿ, ಅಂದರೆ ಹಿಮಯುಗ ಮುಗಿದು ಮನುಷ್ಯನು ಬೇಸಾಯ ಕಲಿತ ಅವಧಿಯಲ್ಲಿ, ಭೂಮಿ ತಣ್ಣಗಾಗುತ್ತ ಬಂದಿತೇ, ಬೆಚ್ಚಗಾಗುತ್ತ ಬಂದಿತೇ?

2013ರಲ್ಲಿ ಅಮೆರಿಕದ ಶಾನ್ ಮಾರ್ಕಾಟ್ ಮತ್ತು ಸಂಗಡಿಗರು ಜಗತ್ತಿನ 73 ಪರೋಕ್ಷ ದಾಖಲೆಗಳನ್ನು ಕಲೆಹಾಕಿ ಉತ್ತರ ಕೊಟ್ಟರು. ಈ ದಾಖಲೆಗಳಲ್ಲಿ ಹೆಚ್ಚಿನವು ಸಾಗರತಳದವು. ಅವುಗಳ ಪ್ರಕಾರ ಸುಮಾರು 9,500ರಿಂದ 5,500 ವರ್ಷಗಳ ಹಿಂದೆ ಭೂಮಿ ಬೆಚ್ಚಗಿತ್ತು; ಬಳಿಕ ಸುಮಾರು 0.7 ಡಿಗ್ರಿಯಷ್ಟು ನಿಧಾನವಾಗಿ ತಣ್ಣಗಾಯಿತು. ಕಳೆದೆರಡು ಶತಮಾನಗಳಲ್ಲಿ ಮಾತ್ರ ಏಕಾಏಕಿ ಏರಿತು. ಆದರೆ ಮರುವರ್ಷ, 2014ರಲ್ಲಿ, ಝೆಂಗ್ಯು ಲಿಯು ಮೊದಲಾದವರು ಒಂದು ಅಸಂಗತವನ್ನು ಎತ್ತಿ ತೋರಿಸಿದರು. ಭೌತನಿಯಮಗಳನ್ನು ಅನುಸರಿಸಿ ಗಣಕಯಂತ್ರಗಳಲ್ಲಿ ಲೆಕ್ಕ ಹಾಕಿದಾಗ ಆ ಅವಧಿಯಲ್ಲಿ ಭೂಮಿ ಸುಮಾರು 0.5 ಡಿಗ್ರಿಯಷ್ಟು ಬೆಚ್ಚಗಾಗಿರಬೇಕೆಂದು ಬರುತ್ತದೆ. ಹಿಮರಾಶಿಗಳು ಕರಗುತ್ತಿದ್ದವು. ವಾತಾವರಣದ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 260 ಭಾಗಗಳಿಂದ 280 ಭಾಗಗಳಿಗೆ ಏರಿತ್ತು. ಇವೆರಡೂ ಬಿಸಿಗೆ ಕಾರಣವಾಗುವಂತಹವು. ಹೀಗಿರುವಾಗ ಭೂಮಿ ತಣ್ಣಗಾದುದು ಹೇಗೆ? ಸಾಕ್ಷಿಗಳು ತಪ್ಪೋ, ಗಣನೆ ತಪ್ಪೋ?

ಸಂದೇಹದ ಬೆರಳು ಋತುಪಕ್ಷಪಾತದ ಕಡೆಗೆ ತಿರುಗಿತು. ಇದನ್ನು ತಿಳಿಯಲು ಸ್ವಲ್ಪ ಖಗೋಳವನ್ನು ನೆನೆಯಬೇಕು. ಭೂಮಿಯ ಕಕ್ಷೆ ಪೂರ್ಣವೃತ್ತವಲ್ಲ. ಈಗ ಭೂಮಿಯು ಜನವರಿಯ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಸಮೀಪದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರು ದೂರದಲ್ಲಿರುತ್ತದೆ. ಜುಲೈ ತಿಂಗಳಲ್ಲಿ ಸುಮಾರು 15.2 ಕೋಟಿ ಕಿಲೋಮೀಟರು. ಭೂಮಿಯ ಅಕ್ಷವು ಬುಗುರಿಯಂತೆ ತೂಗಾಡುವುದರಿಂದ ಈ ಸಾಮೀಪ್ಯದ ತಿಂಗಳು ಸುಮಾರು 21,000 ವರ್ಷಗಳಲ್ಲಿ ಒಂದು ಸುತ್ತು ಬರುತ್ತದೆ. ಸುಮಾರು 11,000 ವರ್ಷಗಳ ಹಿಂದೆ ಭೂಮಿ ಸೂರ್ಯನಿಗೆ ಸಮೀಪಿಸುತ್ತಿದ್ದುದು ಜೂನ್ ಜುಲೈ ತಿಂಗಳುಗಳ ಸುಮಾರಿನಲ್ಲಿ. ಜಾನ್ ಕುಟ್ಸ್‌ಬಾಕ್ ಎಂಬ ವಿಜ್ಞಾನಿ 1981ರಲ್ಲಿಯೇ ಲೆಕ್ಕ ಹಾಕಿ ತೋರಿಸಿದಂತೆ 9,000 ವರ್ಷಗಳ ಹಿಂದೆ ಉತ್ತರಾರ್ಧಗೋಳಕ್ಕೆ ಜುಲೈ ತಿಂಗಳಲ್ಲಿ ಬೀಳುತ್ತಿದ್ದ ಬಿಸಿಲು ಇಂದಿಗಿಂತ ಸುಮಾರು ಶೇಕಡ 7ರಷ್ಟು ಹೆಚ್ಚು. ಆದರೆ ಜನವರಿಯ ಬಿಸಿಲು ಅದೇ ಕಾರಣಕ್ಕೆ ಕಡಿಮೆ. ವರ್ಷದ ಒಟ್ಟು ಬಿಸಿಲಿನಲ್ಲಿ ಅಂತರ ಅತ್ಯಲ್ಪ.

ಹಾಗಾದರೆ ಕಳೆದ ಹತ್ತು ಸಾವಿರ ವರ್ಷಗಳಲ್ಲಿ ಉತ್ತರದ ಜುಲೈ ತಣ್ಣಗಾಗುತ್ತ, ಜನವರಿ ಬೆಚ್ಚಗಾಗುತ್ತ ಬಂದಿರಬೇಕು. ಜುಲೈಯಲ್ಲಿ ಎಚ್ಚರವಾಗಿರುವ ಸಾಕ್ಷಿಗಳನ್ನು ಕೇಳಿದರೆ ತಣ್ಣಗಾಯಿತೆಂದು ನುಡಿಯುವುದು ಸಹಜ. ನಮ್ಮ ತರಗತಿಯ ಲೆಕ್ಕವೇ ಇಲ್ಲಿ ಜಗತ್ತಿನ ಪ್ರಮಾಣದಲ್ಲಿ ಕಾಣಿಸಿಕೊಂಡಿತು! ಅಷ್ಟೇ ಅಲ್ಲದೆ, ಜುಲೈ ಬಿಸಿಲು ಹೆಚ್ಚಿದ್ದ ಆ ಕಾಲದಲ್ಲಿ ನಮ್ಮ ಮಾನ್ಸೂನ್ ಪ್ರಬಲವಾಗಿತ್ತು. ಮೋಡ ಮಳೆಗಳು ಹೆಚ್ಚಿದುದರಿಂದ ಭಾರತದ ನೆಲದ ಮೇಲೆ ಆ ಋತು ಇನ್ನೂ ತಂಪಾಗಿದ್ದಿರಬಹುದೆಂದು ಗಣನೆಗಳು ಸೂಚಿಸುತ್ತವೆ. ಉತ್ತರದ ದೇಶಗಳ ಸಾಕ್ಷಿ ಬಿಸಿಯೆಂದರೆ ನಮ್ಮ ಮಳೆಗಾಲದ ಸಾಕ್ಷಿ ತಂಪೆಂದೀತು; ಎರಡೂ ನಿಜವಾಗಿರಬಹುದು.

2021ರಲ್ಲಿ ಸಮಂತಾ ಬೋವಾ ಮತ್ತು ಸಂಗಡಿಗರು ಒಂದು ಜಾಣತನದ ಉಪಾಯ ಹೂಡಿದರು. ಇದಕ್ಕಿಂತ ಹಿಂದಿನ ಬೆಚ್ಚಗಿನ ಯುಗದಲ್ಲಿ, ಅಂದರೆ ಸುಮಾರು 1,28,000ದಿಂದ 1,15,000 ವರ್ಷಗಳ ಹಿಂದೆ, ಹಿಮರಾಶಿಯಲ್ಲಿಯೂ ಇಂಗಾಲದ ಡೈಆಕ್ಸೈಡಿನಲ್ಲಿಯೂ ದೊಡ್ಡ ಬದಲಾವಣೆ ಇರಲಿಲ್ಲ. ಋತುಗಳ ಬಿಸಿಲು ಮಾತ್ರ ಗಣನೀಯವಾಗಿ ಬದಲಾಗಿತ್ತು. ಆ ಯುಗದಲ್ಲಿ ಸಾಗರದ ಒಂದೊಂದು ದಾಖಲೆಯೂ ಯಾವ ಋತುವಿನ ಬಿಸಿಲಿಗೆ ಎಷ್ಟು ಸ್ಪಂದಿಸಿತೆಂದು ಅಳೆದು, ಅಷ್ಟನ್ನು ಈಚಿನ ಹತ್ತು ಹನ್ನೆರಡು ಸಾವಿರ ವರ್ಷಗಳ ದಾಖಲೆಯಿಂದ ಕಳೆದರು. ಉಳಿದ ವಾರ್ಷಿಕ ಉಷ್ಣತೆಯು ಏರುತ್ತ ಬಂದಿರುವುದು ಕಂಡುಬಂದಿತು. ಎಲ್ಲರೂ ಇದನ್ನು ಒಪ್ಪಿಲ್ಲ. ಋತುಪಕ್ಷಪಾತವನ್ನು ಕಳೆದರೂ ಮಧ್ಯಾವಧಿಯ ಬೆಚ್ಚಗಿನ ಕಾಲಕ್ಕೆ ಬೇರೆ ಪುರಾವೆಗಳಿವೆ, ಗಣಕಯಂತ್ರದ ಗಣನೆಗಳಲ್ಲಿಯೂ ಕೊರತೆಗಳಿವೆ ಎಂದು 2023ರಲ್ಲಿ ಇತರ ವಿಜ್ಞಾನಿಗಳು ವಾದಿಸಿದ್ದಾರೆ. ವಿವಾದ ಇನ್ನೂ ಮುಗಿದಿಲ್ಲ.

ಇದರಿಂದ ನಮಗೇನು ಎಂದು ಕೇಳುವವರಿರಬಹುದು. ಹಿಂದೆಯೂ ಭೂಮಿ ಬಿಸಿಯಾಗಿತ್ತು, ಈಗಿನ ಏರಿಕೆಯಲ್ಲಿ ವಿಶೇಷವೇನೂ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಹಿಂದಿನ ಬಿಸಿ ಇಡೀ ವರ್ಷದ್ದೋ, ಒಂದು ಋತುವಿನದೋ ಎಂಬುದನ್ನು ನಿರ್ಣಯಿಸದೆ ಹಾಗೆ ಹೇಳುವುದು ಏಪ್ರಿಲ್ ಮೇ ಬಿಟ್ಟ ದಫ್ತರದಿಂದ ವಾರ್ಷಿಕ ಸರಾಸರಿ ತೆಗೆದಂತೆ. 2011ರಿಂದ 2020ರವರೆಗಿನ ದಶಕವು 1850–1900ರ ಅವಧಿಗಿಂತ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. ಇದು ಉಷ್ಣಮಾಪಕಗಳಿಂದ, ಎಲ್ಲ ತಿಂಗಳುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಂಡ ಅಂಕಿ. ಇಂಗಾಲದ ಡೈಆಕ್ಸೈಡ್ ಈಗ ಹತ್ತು ಲಕ್ಷಕ್ಕೆ 420 ಭಾಗಗಳನ್ನು ದಾಟಿದೆ. ಕಡಲ ಕೊರೆತವನ್ನೂ ಮೀನಿನ ಏರುಪೇರನ್ನೂ ಕಾಣುತ್ತಿರುವ ಕಾಪು, ಉಡುಪಿಗಳ ಜನರಿಗೆ ಇದು ದೂರದ ವಿಷಯವಲ್ಲ.

ಪಾಟೀಸವಾಲಿನ ಮಾರ್ಗ

ಪಕ್ಷಪಾತವನ್ನು ಕಂಡುಹಿಡಿಯುವ ಮಾರ್ಗ ನ್ಯಾಯಾಲಯದ ಮಾರ್ಗವೇ: ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬನ ಮಾತಿನೊಡನೆ ತಾಳೆ ನೋಡುವುದು. ಗ್ರೀನ್‌ಲೆಂಡಿನ ಹಿಮದ ಕತೆ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿಯ ಹಿಮದ ಆಮ್ಲಜನಕದ ಅಂಶದಿಂದ ಲೆಕ್ಕ ಹಾಕಿದಾಗ ಹಿಮಯುಗದ ಚಳಿ ಇಂದಿಗಿಂತ ಹತ್ತು ಹನ್ನೆರಡು ಡಿಗ್ರಿ ಮಾತ್ರ ಹೆಚ್ಚೆಂದು ಬಂದಿತ್ತು. 1990ರ ದಶಕದಲ್ಲಿ ಹಿಮದೊಳಗೆ ಕೊರೆದ ಆಳದ ರಂಧ್ರಗಳಲ್ಲಿ ಉಷ್ಣಮಾಪಕ ಇಳಿಸಿ, ಅಲ್ಲಿ ಇನ್ನೂ ಉಳಿದಿರುವ ಹಳೆಯ ಚಳಿಯನ್ನು ನೇರವಾಗಿ ಅಳೆದರು. ಅಂತರ 20 ಡಿಗ್ರಿಗೂ ಹೆಚ್ಚೆಂದು ತಿಳಿಯಿತು! ಹಿಮಯುಗದಲ್ಲಿ ಅಲ್ಲಿ ಚಳಿಗಾಲದ ಹಿಮಪಾತ ತೀರ ಕಡಿಮೆಯಾಗಿ, ಬಿದ್ದ ಹಿಮವೆಲ್ಲ ಬಹುತೇಕ ಬೇಸಿಗೆಯದಾಗಿತ್ತು ಎಂಬುದೇ ಇದಕ್ಕೆ ಮುಖ್ಯ ವಿವರಣೆ. ಘೋರ ಚಳಿಯ ತಿಂಗಳುಗಳು ಹಿಮದಲ್ಲಿ ತಮ್ಮ ಹೆಸರನ್ನೇ ಬರೆದಿರಲಿಲ್ಲ. ಎರಡನೆಯ ಸಾಕ್ಷಿ ಇಲ್ಲದಿದ್ದರೆ ಮೊದಲನೆಯದರ ಮೌನ ನಮಗೆ ಕೇಳಿಸುತ್ತಲೇ ಇರಲಿಲ್ಲ.

ಶಿವಪ್ಪನಾಯಕನ ಶಿಸ್ತು ಮತ್ತು ನಮ್ಮ ದಫ್ತರ

ಈ ಎಚ್ಚರ ನಮ್ಮ ನಾಡಿಗೆ ಹೊಸದಲ್ಲ. ವೀರಶೈವ ಪರಂಪರೆಯ ಕೆಳದಿಯ ಅರಸರಲ್ಲಿ ಶ್ರೇಷ್ಠನಾದ ಶಿವಪ್ಪನಾಯಕನು (1645–1660) ಕರಾವಳಿಯನ್ನೂ ಒಳಗೊಂಡ ತನ್ನ ರಾಜ್ಯಕ್ಕೆ ಕಂದಾಯವನ್ನು ಗೊತ್ತುಪಡಿಸಿದ ರೀತಿ ಪ್ರಸಿದ್ಧವಾಗಿದೆ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯಲ್ಲಿ ಒಂದೊಂದು ಹೊಲವನ್ನು ತನ್ನ ಖರ್ಚಿನಿಂದಲೇ ಹನ್ನೆರಡು ವರ್ಷಗಳ ಕಾಲ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ಮಾಡಿದ ವೆಚ್ಚ, ಬಂದ ಫಸಲು ಇವೆಲ್ಲಕ್ಕೂ ಲೆಕ್ಕವಿಡಿಸಿ, ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಕಂದಾಯವಾಗಿ ನಿಗದಿಪಡಿಸಿದನೆಂದು ಇತಿಹಾಸಕಾರರು ಬರೆಯುತ್ತಾರೆ. ಇದೇ ಶಿವಪ್ಪನಾಯಕನ ಶಿಸ್ತು. ಫಲವತ್ತಾದ ಗದ್ದೆಯೊಂದನ್ನೇ ನೋಡಿದ್ದರೆ ರೈತನಿಗೆ ಅನ್ಯಾಯ, ಬರಡು ನೆಲವನ್ನೇ ನೋಡಿದ್ದರೆ ಬೊಕ್ಕಸಕ್ಕೆ ನಷ್ಟ. ಒಂದು ವರ್ಷದ ಲೆಕ್ಕ ಸಾಲದು, ಒಂದು ಬಗೆಯ ಭೂಮಿ ಸಾಲದು ಎಂದು ಆ ಅರಸನು ಅರಿತಿದ್ದನು. ಉಷ್ಣತೆಯ ಚರಿತ್ರೆ ಬರೆಯುವವರಿಗೂ ಇದಕ್ಕಿಂತ ಬೇರೆ ಉಪದೇಶ ಬೇಕಿಲ್ಲ.

ಕೊನೆಯದಾಗಿ ನಮ್ಮ ಶಾಲೆಯ ದಫ್ತರದ ಮಾತು. ಅದನ್ನು ತಿದ್ದುವುದು ಕಷ್ಟವಲ್ಲ. ಪಡಸಾಲೆಯಲ್ಲಿರುವ ಉಷ್ಣಮಾಪಕವನ್ನು ಬಯಲಿನಲ್ಲಿ ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಗೆ ಸಾಗಿಸಬೇಕು. ಗರಿಷ್ಠ ಮತ್ತು ಕನಿಷ್ಠ ಉಷ್ಣತೆಗಳನ್ನು ತೋರಿಸುವ ಮಾಪಕವೊಂದು, ಮಳೆಮಾಪಕವೊಂದು ಬೇಕು. ಉದಾರಿಗಳಾದ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಇದು ದೊಡ್ಡ ಹೊರೆಯಲ್ಲವೆಂದು ನಂಬಿದ್ದೇನೆ. ಇದಕ್ಕಿಂತ ಮುಖ್ಯವಾದುದು, ದಿನ ತಪ್ಪದೆ ನೋಡಿ ಬರೆಯುವ ಕೈ.

ರಜೆಯಲ್ಲಿ ಬರೆಯುವವರಾರು ಎಂಬ ಪ್ರಶ್ನೆ ಸಿಬ್ಬಂದಿಯ ಸಭೆಯಲ್ಲಿ ಬಂದಾಗ ಮೊದಲು ಯಾರೂ ಮಾತನಾಡಲಿಲ್ಲ. ಆಗ ದಾಸೋಹದ ಅಡಿಗೆಯ ಹಿರಿಯರೊಬ್ಬರು, "ಶಾಲೆಗೆ ರಜೆಯುಂಟು, ದಾಸೋಹಕ್ಕೆ ರಜೆಯಿಲ್ಲ. ಬೆಳಗ್ಗೆ ಒಲೆ ಹೊತ್ತಿಸುವ ಮುಂಚೆ ನಾನೇ ನೋಡಿ ಬರೆದಿಡುತ್ತೇನೆ, ಹೇಗೆಂದು ತೋರಿಸಿಕೊಡಿ" ಎಂದರು. ಆ ಸಂಜೆಯೇ ಅವರಿಗೆ ಮಾಪಕವನ್ನು ಓದುವ ಕ್ರಮವನ್ನು ಆ ಹಿಂದಿನ ಸಾಲಿನ ಹುಡುಗನಿಂದಲೇ ಹೇಳಿಕೊಡಿಸಿದೆ. ಕಾಯಕವೆಂಬುದು ವರ್ಷದ ಹನ್ನೆರಡು ತಿಂಗಳೂ ನಡೆಯಬೇಕಾದುದೆಂದು ನಮ್ಮ ಮಠದ ಪರಂಪರೆ ಕಲಿಸಿದೆ. ಮುಂದಿನ ಸಂಚಿಕೆಯಲ್ಲಿ ಏಪ್ರಿಲ್, ಮೇ ತಿಂಗಳುಗಳನ್ನೂ ಒಳಗೊಂಡ ನಮ್ಮ ಊರಿನ ಸರಾಸರಿಯನ್ನು ಓದುಗರ ಮುಂದಿಡುವ ಭರವಸೆ ನಮಗಿದೆ. ಅದರ ಕೆಳಗೆ ಸಂವತ್ಸರದೊಡನೆ ಮಾಸ, ತಿಥಿಗಳನ್ನೂ ಬರೆಯುತ್ತೇವೆ.